ಓಟ ಅಂದ್ರೆ ಆಗದವರಿಗೆ ದೂರದ ಓಟ: ಕೊಡಗಿನ ಏರು ದಾರಿಯಲ್ಲಿ ಶುರು ಮಾಡೋದು ಹೇಗೆ?

ಕೊಡಗಿನಲ್ಲಿ ಹುಟ್ಟಿ "ನಂಗೆ ಓಡೋಕೆ ಬರಲ್ಲ" ಅನ್ನೋದು ಸುಲಭದ ಮಾತಲ್ಲ. ಇಲ್ಲಿ ಯಾವ ಮನೆಗೆ ಹೋದರೂ ಹಾಕಿ ಆಡಿದವರು ಒಬ್ಬರು, ಸೇನೆಯಲ್ಲಿ ಇದ್ದವರು ಒಬ್ಬರು ಸಿಗುತ್ತಾರೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಅಜ್ಜ, ಸೊಸೆ, ಮೊಮ್ಮಗ ಎಲ್ಲ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ಟ್ರ್ಯಾಕ್‌ನಲ್ಲಿ ಮಿಂಚಿದ ಅಶ್ವಿನಿ ನಾಚಪ್ಪ ನಮ್ಮವರು. 2014 ಮತ್ತು 2018ರ ಏಷ್ಯನ್ ಗೇಮ್ಸ್‌ನಲ್ಲಿ 4×400 ಮೀಟರ್ ರಿಲೇ ಚಿನ್ನ ಗೆದ್ದ ತಂಡದಲ್ಲಿದ್ದ ಪೂವಮ್ಮ ಹುಟ್ಟಿದ್ದು ಗೋಣಿಕೊಪ್ಪದಲ್ಲಿ.

ಇಂಥ ಜಿಲ್ಲೆಯಲ್ಲೇ ಪಿ.ಟಿ. ಪೀರಿಯಡ್ ಬಂತು ಅಂದ್ರೆ ಹೊಟ್ಟೆನೋವು ಬರುತ್ತಿದ್ದ ಮಕ್ಕಳೂ ಇದ್ದೆವು. ನಾನು ಅವರಲ್ಲಿ ಒಬ್ಬಳು. ನಲವತ್ತರ ಹತ್ತಿರ ಬಂದ ಮೇಲೆ ಓಡೋಕೆ ಶುರು ಮಾಡಿದೆ. ಈಗ ಭಾನುವಾರ ಬೆಳಿಗ್ಗೆ ಎರಡು ಗಂಟೆ ರಸ್ತೆ ಮೇಲೆ ಇರದೇ ಹೋದರೆ ಆ ವಾರವೇ ಏನೋ ಅರ್ಧ ಅನ್ನಿಸುತ್ತದೆ. ನಡುವೆ ಏನು ಬದಲಾಯಿತು ಅಂತ ಕೇಳುವವರು ಜಾಸ್ತಿ. ಬದಲಾಗಿದ್ದು ಒಂದೇ, ವೇಗ. ನಾವು ನೋಡಿ ಬೆಳೆದ ಓಟವೆಲ್ಲ ಜೋರಾದ ಓಟ. ಹಾಕಿಯಲ್ಲಿ ಚೆಂಡಿನ ಹಿಂದೆ ನುಗ್ಗೋದು, ಸ್ಪೋರ್ಟ್ಸ್ ಡೇಗೆ 100 ಮೀಟರ್, ಗದ್ದೆಯಲ್ಲಿ ಕೆಸರು ಓಟ. ಅದರಲ್ಲಿ ಹಿಂದೆ ಬಿದ್ದವರೆಲ್ಲ "ಓಟ ನಮಗಲ್ಲ" ಅಂತ ತೀರ್ಮಾನ ಮಾಡಿಬಿಟ್ಟೆವು. ದೂರದ ಓಟ ಬೇರೆಯೇ ಕೆಲಸ. ಅದಕ್ಕೆ ಬೇಕಾದದ್ದು ತಾಳ್ಮೆ. ಅದು ನಿಮ್ಮಲ್ಲಿ ಖಂಡಿತ ಇದೆ.

ಮೊದಲು ವೇಗ ಬಿಡಿ

ಓಡುವಾಗ ಪೂರ್ತಿ ವಾಕ್ಯದಲ್ಲಿ ಮಾತಾಡೋಕೆ ಆಗಬೇಕು. ಇದೊಂದೇ ಅಳತೆ. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಮನೆಯ ಸಾಮಾನಿನ ಪಟ್ಟಿಯನ್ನು ಜೋರಾಗಿ ಹೇಳಿಕೊಳ್ಳಿ. "ಅಕ್ಕಿ ಐದು ಕೆಜಿ, ಬೆಲ್ಲ ಎರಡು ಕೆಜಿ, ಸೋಪು" ಅನ್ನುವಷ್ಟರಲ್ಲಿ ಉಸಿರು ಮೂರು ಕಡೆ ತುಂಡಾದರೆ ನೀವು ಜೋರಾಗಿ ಓಡ್ತಾ ಇದ್ದೀರಿ. ನಿಧಾನ ಮಾಡಿ. ಇನ್ನೂ ನಿಧಾನ. ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ.

ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಹೀಗೆ ಮೆಲ್ಲಗೆ ಓಡಿದಾಗಲೇ ದೇಹದೊಳಗೆ ಬೇಕಾದ ಕೆಲಸ ನಡೆಯೋದು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳೋದನ್ನು ಕಲಿಯುತ್ತದೆ. ಮಾಂಸಖಂಡಗಳಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುತ್ತವೆ. ದೇಹ ಕೊಬ್ಬನ್ನು ಉರಿಸಿ ಶಕ್ತಿ ತೆಗೆಯೋದನ್ನು ರೂಢಿ ಮಾಡಿಕೊಳ್ಳುತ್ತದೆ. ದೊಡ್ಡ ದೊಡ್ಡ ಓಟಗಾರರೂ ತಮ್ಮ ವಾರದ ಬಹುಪಾಲು ದೂರವನ್ನು ಮೆಲ್ಲಗೇ ಓಡುತ್ತಾರೆ.

ಇನ್ನೊಂದು ಕಾರಣ ಇದೆ. ಉಸಿರು ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಮೂಳೆ, ಕೀಲು, ಸ್ನಾಯುರಜ್ಜು ಗಟ್ಟಿಯಾಗೋಕೆ ತಿಂಗಳುಗಳೇ ಬೇಕು. ಎರಡನೇ ತಿಂಗಳಿಗೆ "ಅರೆ, ನಂಗೆ ಆಗ್ತಾ ಇದೆ" ಅಂತ ಖುಷಿಯಲ್ಲಿ ಜೋರು ಮಾಡಿ ಮೊಣಕಾಲ ಕೆಳಗಿನ ಮೂಳೆ ನೋವು ತಂದುಕೊಂಡು ಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಶುರು ಮಾಡಿದವರು ಓಟ ಬಿಡೋದು ಸೋಮಾರಿತನದಿಂದ ಅಂತ ನನಗೆ ಅನ್ನಿಸೋದಿಲ್ಲ. ಅವಸರದಿಂದ ಬಿಡುತ್ತಾರೆ.

ನಲವತ್ತು ದಾಟಿದವರು, ಶುಗರ್ ಅಥವಾ ಬಿ.ಪಿ. ಇರುವವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಬಂದ ಹಿಸ್ಟರಿ ಇರುವವರು ಮೊದಲು ಡಾಕ್ಟರ್ ಹತ್ತಿರ ಹೋಗಿ ಬನ್ನಿ. ಹೆಂಗಸರು ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸಿಕೊಳ್ಳಿ. ರಕ್ತ ಕಡಿಮೆ ಇದ್ದರೆ ಎಷ್ಟು ಅಭ್ಯಾಸ ಮಾಡಿದರೂ ಸುಸ್ತು ಹೋಗೋದಿಲ್ಲ. ತಪ್ಪು ನಮ್ಮದೇ ಅಂತ ಸುಮ್ನೆ ಬೇಜಾರು ಮಾಡಿಕೊಂಡು ಕೂರುತ್ತೇವೆ.

ಮೊದಲ ಮೂರು ತಿಂಗಳು

ಮೊದಲ ಎರಡು ವಾರ ಓಡಲೇಬೇಡಿ. ವಾರಕ್ಕೆ ನಾಲ್ಕು ದಿನ, ಅರ್ಧ ಗಂಟೆ ಬಿರುಸಾಗಿ ನಡೆಯಿರಿ. ಇದರ ಉದ್ದೇಶ ಆ ಅರ್ಧ ಗಂಟೆಯನ್ನು ದಿನದಲ್ಲಿ ಗಟ್ಟಿ ಮಾಡಿಕೊಳ್ಳೋದು. ಹಾಲು ಕರೆಯೋದು, ಮಕ್ಕಳ ಟಿಫನ್ ಬಾಕ್ಸ್, ತೋಟಕ್ಕೆ ಆಳು ಕಳಿಸೋದು, ಇವುಗಳ ನಡುವೆ ಆ ಹೊತ್ತು ಎಲ್ಲಿ ಕೂರುತ್ತದೆ ಅಂತ ಮೊದಲು ಕಂಡುಕೊಳ್ಳಿ. ಬೆಳಿಗ್ಗೆಯೇ ಆಗಬೇಕು ಅಂತೇನಿಲ್ಲ. ಸಂಜೆ ನಾಲ್ಕೂವರೆಗೆ ಓಡುವವರೂ ಚೆನ್ನಾಗಿಯೇ ಓಡುತ್ತಾರೆ.

ಮೂರನೇ ವಾರದಿಂದ ಓಟ ಸೇರಿಸಿ. ಐದು ನಿಮಿಷ ನಡಿಗೆ, ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಹೀಗೆ ಎಂಟು ಸಲ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು ಇರಲಿ. ಅದು ಹಗುರ ಅನ್ನಿಸಿದ ಮೇಲೆ ಎರಡು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಮೂರು ನಿಮಿಷಕ್ಕೆ ಒಂದು ನಿಮಿಷ. ಮುಂದೆ ಐದಕ್ಕೆ ಒಂದು, ಎಂಟಕ್ಕೆ ಒಂದು. ಒಂದೊಂದು ಹಂತದಲ್ಲೂ ಎರಡು ವಾರ ಇರಿ. ಭಾರ ಅನ್ನಿಸಿದರೆ ಮೂರನೇ ವಾರವೂ ಅಲ್ಲೇ ಇರಿ. ಮದುವೆ, ತಿಥಿ, ಪುತ್ತರಿ ಹಬ್ಬ ಅಂತ ಒಂದು ವಾರ ತಪ್ಪಿದರೆ ಒಂದು ಹಂತ ಹಿಂದೆ ಬಂದು ಶುರು ಮಾಡಿ.

ನಡುನಡುವೆ ನಡೆಯೋದು ಕಳ್ಳಾಟ ಅಂತ ಅನ್ನಿಸಬಹುದು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ, ಹೊಸಬರಿಗೆ ಕಲಿಸಿದ್ದೇ ಈ ಓಟ-ನಡಿಗೆ ಪದ್ಧತಿಯನ್ನು. ಇದನ್ನು ನೆಚ್ಚಿಕೊಂಡು ಪೂರ್ತಿ ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್ ಮುಗಿಸಿದವರು ಪ್ರಪಂಚದ ತುಂಬ ಇದ್ದಾರೆ. ಮುಖ್ಯವಾದ ಗುಟ್ಟು ಒಂದಿದೆ. ಸುಸ್ತಾದ ಮೇಲೆ ನಡೆಯೋದಲ್ಲ, ಸುಸ್ತಾಗುವ ಮುಂಚೆ ನಡೆಯಬೇಕು. ವಾಚು ಹೇಳಿದಾಗ ನಡೆಯಿರಿ, ಆಗ ಕಾಲಿನಲ್ಲಿ ಇನ್ನೂ ಓಟ ಇರುತ್ತದೆ.

ಮೂರು ತಿಂಗಳ ಸುಮಾರಿಗೆ ಅರ್ಧ ಗಂಟೆ ನಿಲ್ಲದೆ ಓಡೋಕೆ ಬರುತ್ತದೆ. ಕೆಲವರಿಗೆ ನಾಲ್ಕು ತಿಂಗಳು ಆಗಬಹುದು. ಎಷ್ಟು ಕಿಲೋಮೀಟರ್ ಅಂತ ಈ ಹಂತದಲ್ಲಿ ಲೆಕ್ಕ ಹಾಕಬೇಡಿ, ನಿಮಿಷ ಮಾತ್ರ ನೋಡಿ. ನಮ್ಮ ರಸ್ತೆಗಳಲ್ಲಿ ಕಿಲೋಮೀಟರ್ ಲೆಕ್ಕಕ್ಕೆ ಅರ್ಥವೇ ಇಲ್ಲ. ಒಂದು ಕಿಲೋಮೀಟರ್ ಇಳಿಜಾರಿಗೂ ಒಂದು ಕಿಲೋಮೀಟರ್ ಏರಿಗೂ ಅಜಗಜಾಂತರ.

ಸಮ ನೆಲ ಎಲ್ಲಿದೆ?

ಕೊಡಗಿನ ಹೊಸ ಓಟಗಾರರ ಮೊದಲ ತೊಂದರೆ ಇದು. ಮನೆ ಗೇಟು ದಾಟಿದರೆ ಒಂದು ಕಡೆ ಏರು, ಇನ್ನೊಂದು ಕಡೆ ಇಳಿಜಾರು. ಊರಿನ ಶಾಲೆಯ ಮೈದಾನ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಕೊಡಗಿನಲ್ಲಿ ಹಾಕಿಯ ಪುಣ್ಯದಿಂದ ಸಣ್ಣ ಊರಲ್ಲೂ ಮೈದಾನ ಇರುತ್ತದೆ. ಕುಶಾಲನಗರದವರಿಗೆ ಈ ತೊಂದರೆ ಕಡಿಮೆ, ಅಲ್ಲಿ ನೆಲ ಹೆಚ್ಚುಕಡಿಮೆ ಸಮ.

ತೋಟದ ಮನೆಯವರಿಗೆ ನಾನು ಹೇಳೋದು ಕಾಫಿ ಕಣ. ಕೊಯ್ಲು ಮುಗಿದು, ಕಾಫಿ ಒಣಗಿ ಮೂಟೆಗೆ ಹೋದ ಮೇಲೆ ಕಣ ಖಾಲಿ. ಅಲ್ಲಿಂದ ಮುಂದಿನ ನವೆಂಬರ್-ಡಿಸೆಂಬರ್‌ವರೆಗೆ ಅದು ನಿಮ್ಮದೇ ಮೈದಾನ. ಸುತ್ತು ಚಿಕ್ಕದು, ನಿಜ. ಎರಡು ಸುತ್ತಿಗೊಮ್ಮೆ ದಿಕ್ಕು ಬದಲಿಸಿ, ಇಲ್ಲದಿದ್ದರೆ ಒಳಗಿನ ಕಾಲಿಗೆ ಭಾರ ಜಾಸ್ತಿ ಬೀಳುತ್ತದೆ. ಸಿಮೆಂಟ್ ಕಣವಾದರೆ ವಾರಕ್ಕೆ ಒಂದು ದಿನ ಸಾಕು, ಉಳಿದ ದಿನ ಮಣ್ಣಿನ ದಾರಿ ಹಿಡಿಯಿರಿ. ಸುಗ್ಗಿ ಮುಗಿದ ಗದ್ದೆಗಳೂ ಚೆನ್ನ. ಜನವರಿ, ಫೆಬ್ರವರಿಯಲ್ಲಿ ನೆಲ ಒಣಗಿರುತ್ತದೆ, ಭತ್ತದ ಕೂಳೆ ಮೇಲೆ ಕಾಲು ಮೆತ್ತಗೆ ಬೀಳುತ್ತದೆ. ದನ ತುಳಿದ ಗುಳಿಗಳ ಕಡೆ ಮಾತ್ರ ಕಣ್ಣಿರಲಿ. ಪಾದ ಹೊರಳೋದು ಅಲ್ಲೇ.

ಮೈದಾನ, ಕಣ ಅಂದ್ರೆ ನಾಚಿಕೆಯ ತೊಂದರೆಯೂ ತೀರುತ್ತದೆ. ರಸ್ತೆಯಲ್ಲಿ ಓಡಿದರೆ ಮೊದಲ ವಾರ ಜೀಪು ನಿಲ್ಲಿಸಿ "ಎಲ್ಲಿಗೆ? ಹತ್ತಿ, ಬಿಡ್ತೇನೆ" ಅನ್ನುವವರು ಇರುತ್ತಾರೆ. ಪ್ರೀತಿಯಿಂದಲೇ ಕೇಳೋದು. "ಬೇಡ ಅಣ್ಣ, ಓಡ್ತಾ ಇದ್ದೇನೆ" ಅಂದರೆ ಸಾಕು. ತಿಂಗಳೊಳಗೆ ಊರು ಒಪ್ಪಿಕೊಳ್ಳುತ್ತದೆ. ಆಮೇಲೆ ಒಂದು ದಿನ ಕಾಣದಿದ್ದರೆ "ಯಾಕೆ ನಿನ್ನೆ ಬರ್ಲಿಲ್ಲ?" ಅಂತ ಅಂಗಡಿಯವರು ಕೇಳುತ್ತಾರೆ. ಹೆಂಗಸರಿಗೆ ಈ ಊರಿನ ಕಣ್ಣು ಒಂದು ರಕ್ಷಣೆಯೂ ಹೌದು. ಆದರೂ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಹೇಳಿಯೇ ಹೊರಡಿ. ಒಬ್ಬಳು ಗೆಳತಿ ಜೊತೆಗೆ ಸಿಕ್ಕರೆ ಬಿಡಬೇಡಿ. ಒಳ್ಳೆ ಸ್ಪೋರ್ಟ್ಸ್ ಬ್ರಾ ತೆಗೆದುಕೊಳ್ಳೋದನ್ನು ಮುಂದೂಡಬೇಡಿ. ಹೆಂಗಸರಿಗೆ ಅದು ಶೂನಷ್ಟೇ ಮುಖ್ಯ.

ಏರು ಮತ್ತು ಇಳಿಜಾರು

ಅರ್ಧ ಗಂಟೆಯ ಓಟ ಕೈಗೆ ಬಂದ ಮೇಲೆ ರಸ್ತೆಗೆ ಇಳಿಯಿರಿ. ಇಲ್ಲಿ ಹಲವರು ಮತ್ತೆ ಕೈಚೆಲ್ಲುತ್ತಾರೆ. ಮೈದಾನದಲ್ಲಿ ಆರಾಮಾಗಿ ಓಡಿದವರಿಗೆ ಮೊದಲ ಏರಿನಲ್ಲೇ ಉಸಿರು ಗಂಟಲಿಗೆ ಬರುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಅದಕ್ಕೇ ಉಸಿರು ಸಾಲುತ್ತಿಲ್ಲ ಅಂತ ಕೆಲವರು ಅಂದುಕೊಳ್ಳುತ್ತಾರೆ. ಇಲ್ಲೇ ಇದ್ದು ಬೆಳೆದ ನಮಗೆ ಈ ಎತ್ತರ ಒಂದು ಲೆಕ್ಕವಲ್ಲ. ಉಸಿರು ಕಟ್ಟಿಸೋದು ಏರು.

ಏರು ಬಂದಾಗ ಸಮ ನೆಲದ ವೇಗ ಉಳಿಸಿಕೊಳ್ಳಬೇಡಿ. ತುಂಬಿದ ಜೀಪನ್ನು ಏರಿನಲ್ಲಿ ಎರಡನೇ ಗೇರಿಗೆ ಇಳಿಸುವ ಹಾಗೆ, ಹೆಜ್ಜೆ ಚಿಕ್ಕದು ಮಾಡಿ, ಲಯ ಹಾಗೇ ಇರಲಿ. ನೋಟ ಹತ್ತು-ಹದಿನೈದು ಹೆಜ್ಜೆ ಮುಂದೆ ಇರಲಿ, ಏರಿನ ತುದಿ ನೋಡಬೇಡಿ. ಸೊಂಟದಲ್ಲಿ ಬಾಗಬೇಡಿ, ಹಿಮ್ಮಡಿಯಿಂದ ತಲೆವರೆಗೆ ಇಡೀ ಮೈ ಸ್ವಲ್ಪ ಮುಂದೆ ವಾಲಲಿ. ಕೈ ಬೀಸಿ. ಮಾತಾಡೋಕೆ ಆಗದಷ್ಟು ಉಸಿರು ಬಂದರೆ ನಡೆಯಿರಿ. ಬೆಟ್ಟದ ಓಟಗಳಲ್ಲಿ ಗೆಲ್ಲುವವರೂ ಕಡಿದಾದ ಜಾಗದಲ್ಲಿ ನಡೆದೇ ಹತ್ತುತ್ತಾರೆ.

ಇಳಿಜಾರಿನಲ್ಲಿ ಎಲ್ಲರೂ ಹಗುರಾಗಿ ಹಾರಿಕೊಂಡು ಹೋಗುತ್ತಾರೆ. ಮರುದಿನ, ಅದಕ್ಕಿಂತ ಜಾಸ್ತಿ ಮೂರನೇ ದಿನ ಮೆಟ್ಟಿಲು ಇಳಿಯೋಕೆ ಆಗೋದಿಲ್ಲ. ಕಾರಣ ಇಷ್ಟೇ. ಇಳಿಯುವಾಗ ತೊಡೆಯ ಮುಂಭಾಗದ ಮಾಂಸಖಂಡ ಉದ್ದವಾಗುತ್ತಲೇ ಬ್ರೇಕ್ ಹಾಕುವ ಕೆಲಸ ಮಾಡುತ್ತದೆ, ಆಗ ಅದರ ಎಳೆಗಳಲ್ಲಿ ಸಣ್ಣ ಸಣ್ಣ ಹರಕುಗಳು ಬೀಳುತ್ತವೆ. ಅವು ವಾಸಿಯಾದಾಗ ಮಾಂಸಖಂಡ ಮೊದಲಿಗಿಂತ ಗಟ್ಟಿ. ಹಾಗಾಗಿ ಇಳಿಜಾರನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಳ್ಳಿ. ಹೆಜ್ಜೆ ಚಿಕ್ಕದು, ಚುರುಕು. ಮೊಣಕಾಲು ಯಾವಾಗಲೂ ಸ್ವಲ್ಪ ಮಡಿಸಿರಲಿ. ಪಾದ ಮೈಯ ಕೆಳಗೇ ಬೀಳಲಿ, ಮುಂದೆ ಚಾಚಿ ಹಿಮ್ಮಡಿಯಿಂದ ಬ್ರೇಕ್ ಹಾಕಬೇಡಿ.

ಬಯಲು ಸೀಮೆಯ ಗೆಳೆಯರು ಕೊಡಗಿನಲ್ಲಿ ಹೇಗಪ್ಪಾ ಓಡ್ತೀರಿ ಅಂತ ಕೇಳುತ್ತಾರೆ. ನನಗಂತೂ ಈ ಏರೇ ಗುರು. ವೇಗದ ಹಟ ಇಲ್ಲಿ ಒಂದು ತಿರುವಿಗಿಂತ ಹೆಚ್ಚು ಉಳಿಯೋದಿಲ್ಲ. ಎಲ್ಲಿ ನಡೆಯಬೇಕು, ಎಲ್ಲಿ ಓಡಬೇಕು ಅಂತ ರಸ್ತೆಯೇ ಹೇಳುತ್ತದೆ. ಕಾಲು ಗಟ್ಟಿಯಾಗುವ ಕೆಲಸವೂ ಬೇರೆ ಜಿಮ್ ಇಲ್ಲದೆ ನಡೆಯುತ್ತದೆ.

ಇಷ್ಟ ಯಾವಾಗ ಆಗುತ್ತದೆ?

ಎಲ್ಲರೂ ಕೇಳುವ ಪ್ರಶ್ನೆ. ಮೊದಲ ವಾರಗಳಲ್ಲಿ ಇಷ್ಟ ಆಗೋದಿಲ್ಲ, ಅದನ್ನು ನಿರೀಕ್ಷೆ ಮಾಡಬೇಡಿ. ಓಡುವಾಗ ಉಸಿರಿನ ಮೇಲಿದ್ದ ಗಮನ ಒಂದು ದಿನ ತಾನಾಗಿ ರಸ್ತೆಯ ಕಡೆ ತಿರುಗುತ್ತದೆ. ಆ ದಿನ ಇಷ್ಟ ಶುರು.

ನನಗೆ ಅದು ಹೂಮಳೆಯ ಹೊತ್ತಿಗೆ ಆಯಿತು. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದು ಒಳ್ಳೆ ಮಳೆ ಬಿದ್ದು ವಾರ ಕಳೆದರೆ ರೊಬಸ್ಟಾ ತೋಟವೆಲ್ಲ ಬಿಳಿ. ಗಿಡದ ರೆಂಬೆಗಳ ಉದ್ದಕ್ಕೂ ಗಂಟು ಗಂಟಾಗಿ ಹೂ. ಮಲ್ಲಿಗೆಯಂಥ ಪರಿಮಳ, ಸ್ವಲ್ಪ ಜೇನು ಬೆರೆತ ಹಾಗೆ. ವಾಹನದಲ್ಲಿ ಹೋದರೆ ಅದು ಒಂದು ಕ್ಷಣ ಮೂಗಿಗೆ ಬಡಿದು ಹೋಗುತ್ತದೆ. ಓಡುವಾಗ ಹಾಗಲ್ಲ. ನೀರು ಕೊಟ್ಟು ಮೊದಲೇ ಹೂ ಬಿಡಿಸಿದ ತೋಟದಲ್ಲಿ ಹೂ ಕಂದಾಗಿರುತ್ತದೆ, ಪಕ್ಕದ ತೋಟದಲ್ಲಿ ಇವತ್ತೇ ಅರಳಿರುತ್ತದೆ, ಅದರಾಚೆ ಇನ್ನೂ ಮೊಗ್ಗು. ಬೇಲಿ ಬೇಲಿಗೆ ಪರಿಮಳ ಬದಲಾಗುತ್ತದೆ. ಜೇನುನೊಣದ ಸದ್ದು ರಸ್ತೆವರೆಗೆ ಕೇಳುತ್ತದೆ. ಆ ದಿನ ವಾಚು ನೋಡಿದಾಗ ನಾನು ನಡೆಯಬೇಕಾದ ನಿಮಿಷಗಳೆಲ್ಲ ದಾಟಿ ಹೋಗಿದ್ದವು. ಉಸಿರು ಎಲ್ಲಿದೆ ಅಂತ ನಾನು ನೋಡಿರಲೇ ಇಲ್ಲ.

ಹಾಗಾಗಿ ಒಂದು ಸಲಹೆ. ಒಂದೇ ದಾರಿಯನ್ನು ಹಿಡಿದು ವರ್ಷಪೂರ್ತಿ ಓಡಿ. ನೆರಳು ಮರದ ಕೊಂಬೆ ಸವರಿ ಕಪಾತಾದ ಮೇಲೆ ಬೆಳಕು ಹೇಗೆ ಬೀಳುತ್ತದೆ, ನಾಟಿಗೆ ಮುಂಚೆ ಗದ್ದೆ ಹೇಗಿರುತ್ತದೆ, ಯಾವ ಮನೆಯಲ್ಲಿ ಯಾವ ಹೊತ್ತಿಗೆ ಹೊಗೆ ಏಳುತ್ತದೆ, ಎಲ್ಲ ಗೊತ್ತಾಗುತ್ತದೆ. ಇಯರ್‌ಫೋನ್ ಬೇಡ. ಈ ಮಾತಿಗೆ ಇನ್ನೊಂದು, ಹೆಚ್ಚು ಗಂಭೀರವಾದ ಕಾರಣವೂ ಇದೆ.

ಆನೆ, ನಾಯಿ, ಗಾಡಿ

ಸಿದ್ದಾಪುರ, ಅಮ್ಮತ್ತಿ, ವಿರಾಜಪೇಟೆ, ಪೊನ್ನಂಪೇಟೆ ಕಡೆಯವರಿಗೆ ಆನೆಯ ವಿಷಯ ನಾನು ಹೇಳಬೇಕಾಗಿಲ್ಲ. ಆದರೂ ಓಟದ ಉತ್ಸಾಹದಲ್ಲಿ ಮರೆಯಬಾರದು. ಪೂರ್ತಿ ಬೆಳಕಾಗುವ ಮುಂಚೆ ತೋಟದ ರಸ್ತೆಗೆ ಇಳಿಯಬೇಡಿ. ಸಂಜೆ ಕತ್ತಲಿಗೆ ಮುಂಚೆ ಮನೆ ಸೇರಿ. ಹೊರಡುವ ಮುಂಚೆ ತೋಟದ ಕೆಲಸಗಾರರ ಲೈನ್‌ಮನೆಯವರನ್ನೋ ಹಾಲಿನ ಗಾಡಿಯವರನ್ನೋ ಕೇಳಿ, ರಾತ್ರಿ ಎಲ್ಲಿತ್ತು ಅಂತ ಅವರಿಗೆ ಗೊತ್ತಿರುತ್ತದೆ. ಹಲಸು ಹಣ್ಣಾಗುವ ತಿಂಗಳುಗಳಲ್ಲಿ, ಭತ್ತ ತೆನೆಯಾಗುವ ಹೊತ್ತಲ್ಲಿ ಇನ್ನೂ ಜಾಗ್ರತೆ. ದಾರಿಯಲ್ಲಿ ಹಸಿ ಲದ್ದಿ, ಮುರಿದ ಬೈನೆ ಮರ, ಕಿತ್ತ ಬೇಲಿ ಕಂಡರೆ ಅಲ್ಲಿಂದಲೇ ತಿರುಗಿ. ಅವತ್ತಿನ ಓಟ ಕಣದಲ್ಲಿ ಆಗಲಿ. ಮಂಜಿನ ದಿನ ಹತ್ತು ಮಾರು ಮುಂದೆ ಕಾಣೋದಿಲ್ಲ, ಕೇಳಿಸಿಕೊಳ್ಳೋದೊಂದೇ ದಾರಿ. ಕಿವಿ ಖಾಲಿ ಇರಲಿ ಅಂದದ್ದು ಅದಕ್ಕೇ.

ಎಸ್ಟೇಟ್ ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ. ನಿಂತು, ಅದರ ಕಡೆ ಮುಖ ಮಾಡಿ, ಮೆಲ್ಲಗೆ ಹಿಂದೆ ಸರಿಯಿರಿ. ಕಚ್ಚಿದರೆ ಹದಿನೈದು ನಿಮಿಷ ಸೋಪು, ನೀರಿನಲ್ಲಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ವಾರಾಂತ್ಯಕ್ಕೆ ಟೂರಿಸ್ಟ್ ಗಾಡಿಗಳು ಜಾಸ್ತಿ, ನಮ್ಮ ತಿರುವುಗಳು ಅವರಿಗೆ ಹೊಸದು. ರಸ್ತೆಯ ಬಲಬದಿಯಲ್ಲಿ, ಎದುರು ಬರುವ ಗಾಡಿ ಕಾಣುವ ಹಾಗೆ ಓಡಿ. ಬಲಕ್ಕೆ ತಿರುಗುವ ಕುರುಡು ತಿರುವಿನಲ್ಲಿ ಮಾತ್ರ ಮುಂಚೆಯೇ ಎಡಬದಿಗೆ ದಾಟಿಕೊಳ್ಳಿ, ತಿರುವು ಮುಗಿದ ಮೇಲೆ ವಾಪಸ್ ಬನ್ನಿ. ಬಟ್ಟೆ ಕಿತ್ತಳೆಯೋ ಹಳದಿಯೋ ಇರಲಿ. ಮಂಜಿನಲ್ಲಿ ಬಿಳಿ ಬಟ್ಟೆ ಕಾಣೋದೇ ಇಲ್ಲ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಓಟ ಬಿಡೋಕೆ ಬೇಕಾದಷ್ಟು ಕಾರಣ ಸಿಗುತ್ತವೆ. ಕೆಲವು ನಿಜವಾದ ಕಾರಣಗಳೇ. ಗಾಳಿ ಜೋರಿದ್ದ ದಿನ ಸಿಲ್ವರ್ ಓಕ್ ಮರಗಳ ಕೆಳಗೆ ಹೋಗಬೇಡಿ, ಕೊಂಬೆ ಮುರಿದು ಬೀಳುತ್ತವೆ. ಕರೆಂಟ್ ತಂತಿ ಬಿದ್ದಿರಬಹುದು. ಬರೆ, ಅಂದರೆ ಕಡಿದಾದ ಮಣ್ಣಿನ ಗುಡ್ಡದ ಪಕ್ಕದ ರಸ್ತೆಗಳು ಭಾರಿ ಮಳೆಯ ವಾರ ಬೇಡವೇ ಬೇಡ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ರೆಡ್ ಅಲರ್ಟ್ ಇದ್ದರೆ ಮನೆಯಲ್ಲೇ ಇರಿ.

ಅಂಥ ದಿನ ಮನೆಯಲ್ಲೇ ಇಪ್ಪತ್ತು ನಿಮಿಷದ ಕೆಲಸ ಮಾಡಿ. ಮೆಟ್ಟಿಲ ಅಂಚಿನಲ್ಲಿ ಮುಂಗಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸೋದು, ಮೆಟ್ಟಿಲು ಹತ್ತಿ ಇಳಿಯೋದು, ಒಂಟಿ ಕಾಲಲ್ಲಿ ನಿಲ್ಲೋದು, ಬೈಠಕ್. ಓಟದ ಗಾಯಗಳಲ್ಲಿ ಬಹಳಷ್ಟನ್ನು ಈ ಇಪ್ಪತ್ತು ನಿಮಿಷ ತಡೆಯುತ್ತದೆ. ಸಾಧಾರಣ ಮಳೆಗೆ ಮಾತ್ರ ಹೆದರಬೇಡಿ. ಹತ್ತು ನಿಮಿಷದಲ್ಲಿ ಮೈ ಬೆಚ್ಚಗಾಗುತ್ತದೆ. ರೇನ್‌ಕೋಟ್ ಹಾಕಿದರೆ ಒಳಗೆ ಬೆವರಿ ಹೇಗೂ ಒದ್ದೆಯೇ. ತಲೆಗೆ ಮುಂದೆ ಚುಂಚು ಇರುವ ಟೋಪಿ ಇದ್ದರೆ ಕಣ್ಣಿಗೆ ನೀರು ಬೀಳೋದಿಲ್ಲ, ಅಷ್ಟು ಸಾಕು. ತೊಡೆ ಸಂದಿ, ಕಂಕುಳಲ್ಲಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ, ಒದ್ದೆ ಬಟ್ಟೆ ಉಜ್ಜಿ ಗಾಯ ಆಗೋದು ತಪ್ಪುತ್ತದೆ. ಜಿಗಣೆಗೆ ಕಾಲುಚೀಲದ ಮೇಲೆ ಹೊಗೆಸೊಪ್ಪಿನ ನೀರೋ ಬೇವಿನ ಎಣ್ಣೆಯೋ ಹಚ್ಚಿ. ಡಾಂಬರು ರಸ್ತೆಯಲ್ಲಿ ಅದರ ಕಾಟ ಕಡಿಮೆ. ಹುಲ್ಲಿನ ದಾರಿ ಆ ತಿಂಗಳುಗಳಲ್ಲಿ ಬಿಟ್ಟುಬಿಡಿ.

ಮಳೆಗಾಲದ ನಿಜವಾದ ಸವಾಲು ಶೂ ಒಣಗಿಸೋದು. ಬಂದ ತಕ್ಷಣ ಲೇಸು ಪೂರ್ತಿ ಬಿಚ್ಚಿ, ನಾಲಿಗೆ ಹೊರಗೆ ಎಳೆದು, ಒಳಗಿನ ಅಟ್ಟೆ ತೆಗೆದಿಡಿ. ಹಳೆ ಪೇಪರನ್ನು ಉಂಡೆ ಕಟ್ಟಿ ಬೆರಳ ತುದಿವರೆಗೆ ತುರುಕಿ. ಒಂದು ಗಂಟೆ ಬಿಟ್ಟು ತೆಗೆದರೆ ಪೇಪರು ಪೂರ್ತಿ ನೆನೆದಿರುತ್ತದೆ. ಬದಲಿಸಿ. ರಾತ್ರಿ ಇನ್ನೊಂದು ಸಲ ಬದಲಿಸಿ. ಬಚ್ಚಲ ಒಲೆಯ ಹತ್ತಿರ ಇಡಬಹುದು, ಆದರೆ ಕೈ ಇಟ್ಟರೆ ಹಿತವಾಗಿರುವಷ್ಟು ದೂರದಲ್ಲಿ. ತೀರ ಹತ್ತಿರ ಇಟ್ಟರೆ ಅಂಟು ಬಿಟ್ಟು ಸೋಲ್ ಕಿತ್ತುಬರುತ್ತದೆ. ಎರಡು ಜೊತೆ ಇದ್ದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಿ.

ಶೂ, ತಿಂಡಿ, ನೋವು

ಶೂ ಅಂಗಡಿಗೆ ಸಂಜೆ ಹೋಗಿ. ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೇ ಆಗೋದು. ಉದ್ದದ ಬೆರಳ ಮುಂದೆ ಹೆಬ್ಬೆರಳಗಲ ಜಾಗ ಬೇಕು. ಇಳಿಜಾರಿನಲ್ಲಿ ಪಾದ ಮುಂದೆ ಜಾರುತ್ತದೆ, ಜಾಗ ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ದುಬಾರಿಯದೇ ಬೇಕಿಲ್ಲ. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಿ, ಹಾಕಿದ ಕೂಡಲೆ ಹಿತ ಅನ್ನಿಸಿದ್ದನ್ನು ತೆಗೆದುಕೊಳ್ಳಿ. ಒಂದು ಜೊತೆ ಸುಮಾರು 500ರಿಂದ 800 ಕಿಲೋಮೀಟರ್ ಬಾಳುತ್ತದೆ.

ಅರ್ಧ-ಮುಕ್ಕಾಲು ಗಂಟೆಯ ಓಟಕ್ಕೆ ತಿಂದು ಹೋಗಬೇಕಿಲ್ಲ. ಒಂದು ಲೋಟ ಬೆಲ್ಲದ ಕಾಫಿ ಸಾಕು. ಒಂದು ಗಂಟೆ ದಾಟಿದರೆ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು. ಒಂದೂವರೆ ಗಂಟೆ ದಾಟುವ ದಿನ ಜೇಬಿನಲ್ಲಿ ಖರ್ಜೂರವೋ ಬೆಲ್ಲದ ಚೂರೋ ಇರಲಿ. ಬಿಸಿಲಿನ ತಿಂಗಳುಗಳಲ್ಲಿ ಬರೀ ನೀರು ಲೀಟರ್‌ಗಟ್ಟಲೆ ಕುಡಿಯಬೇಡಿ, ಬೆವರಲ್ಲಿ ಉಪ್ಪೂ ಹೋಗಿರುತ್ತದೆ. ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆ ಬದಲಿಸಬೇಡಿ. ಓಡಿ ಬಂದ ಮೇಲೆ ಒಂದು ಗಂಟೆಯೊಳಗೆ ಸರಿಯಾಗಿ ತಿನ್ನಿ. ಅಕ್ಕಿ ರೊಟ್ಟಿ, ಮೊಟ್ಟೆ. ಇಲ್ಲಾಂದ್ರೆ ಅಕ್ಕಿ ತರಿಯ ಉಂಡೆ ಕಡುಬುಟ್ಟು, ಹೆಸರುಕಾಳಿನ ಗೊಜ್ಜು. ನಮ್ಮ ಊಟ ಓಟಗಾರರಿಗೆ ಹೇಳಿ ಮಾಡಿಸಿದ್ದು, ಡಬ್ಬಿಯ ಪುಡಿಗಳಿಗೆ ದುಡ್ಡು ಹಾಕಬೇಡಿ.

ಎರಡೂ ಕಾಲಲ್ಲಿ ಸಮನಾಗಿ, ಮಾಂಸಖಂಡದಲ್ಲಿ ಇರುವ ನೋವು ಎರಡು-ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಕಾಲಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ, ಓಡಿದಷ್ಟೂ ಹೆಚ್ಚಾಗುವ ನೋವು ಬಂದರೆ ನಿಲ್ಲಿಸಿ. ವಾರ ಬಿಟ್ಟರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಎದೆ ಹಿಡಿದ ಹಾಗೆ, ದವಡೆಗೋ ಎಡಗೈಗೋ ನೋವು ಹರಿದ ಹಾಗೆ, ಕಣ್ಣು ಕತ್ತಲಿಟ್ಟ ಹಾಗೆ ಆದರೆ ತಕ್ಷಣ ನಿಂತು ಆಸ್ಪತ್ರೆಗೆ ಹೋಗಬೇಕು.

ದೂರ ಹೆಚ್ಚಿಸೋದು

ಅರ್ಧ ಗಂಟೆ ಓಟ ಸಲೀಸಾದ ಮೇಲೆ ವಾರದ ಮೂರು ಓಟಗಳಲ್ಲಿ ಒಂದನ್ನು ಉದ್ದ ಮಾಡಿ. ವಾರಕ್ಕೆ ಐದರಿಂದ ಹತ್ತು ನಿಮಿಷ ಸೇರಿಸಿ, ಅದಕ್ಕಿಂತ ಜಾಸ್ತಿ ಬೇಡ. ಮೂರು ವಾರ ಏರಿಸಿ ನಾಲ್ಕನೇ ವಾರ ಇಳಿಸಿ. ಉಳಿದೆರಡು ಓಟ ಹಾಗೇ ಇರಲಿ. ಆರು ತಿಂಗಳ ಸುಮಾರಿಗೆ ಹತ್ತು ಕಿಲೋಮೀಟರ್, ವರ್ಷ ತುಂಬುವ ಹೊತ್ತಿಗೆ ಅರ್ಧ ಮ್ಯಾರಥಾನ್, ಅಂದರೆ ಸುಮಾರು 21.1 ಕಿಲೋಮೀಟರ್, ಕೈಗೆ ಎಟುಕುವ ಗುರಿಗಳು.

ಕೊಡಗಿನವರಿಗೆ ನಾನು ಕೊಡುವ ಗುರಿ ಬೇರೆ. ಭಾಗಮಂಡಲದಿಂದ ತಲಕಾವೇರಿ. ಎಂಟು ಕಿಲೋಮೀಟರ್ ಏರು, ತುದಿಯಲ್ಲಿ 1,276 ಮೀಟರ್. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಎಷ್ಟೋ ಜನ ಇದೇ ದಾರಿಯಲ್ಲಿ ಭಕ್ತಿಯಿಂದ ನಡೆದು ಹತ್ತುತ್ತಾರೆ, ಅವರಲ್ಲಿ ಎಪ್ಪತ್ತು ದಾಟಿದವರೂ ಇರುತ್ತಾರೆ. ಸಂಕ್ರಮಣದ ಜನಸಂದಣಿ ಇಲ್ಲದ ವಾರದ ದಿನ, ನವೆಂಬರ್‌ನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ ಹೋಗಿ. ಸಮ ಇದ್ದಲ್ಲಿ ಓಡಿ, ಕಡಿದಾದಲ್ಲಿ ನಡೆಯಿರಿ. ಮೇಲಕ್ಕೆ ಬದಲಿ ಬಟ್ಟೆ ಕಳಿಸಿರಿ. ಬೆವರಿದ ಮೈಗೆ ಅಲ್ಲಿನ ಗಾಳಿ ತಗುಲಿದರೆ ಐದೇ ನಿಮಿಷದಲ್ಲಿ ನಡುಕ ಹಿಡಿಯುತ್ತದೆ. ದೇವಸ್ಥಾನದ ಜಾಗ ಅದು, ಬಟ್ಟೆ ಅದಕ್ಕೆ ತಕ್ಕ ಹಾಗಿರಲಿ. ವಾಪಸ್ ಬರೋದು ಗಾಡಿಯಲ್ಲಿ. ಎಂಟು ಕಿಲೋಮೀಟರ್ ಇಳಿಜಾರನ್ನು ಅದೇ ದಿನ ತೊಡೆಗೆ ಹೇರಬೇಡಿ.

ಆಮೇಲೆ ಬೆಂಗಳೂರು, ಮೈಸೂರಿನ ಓಟಗಳಿಗೆ ಹೆಸರು ಕೊಡಬಹುದು. ಅಲ್ಲಿ ನೆನಪಿಡಬೇಕಾದದ್ದು ಎರಡು. ಏರಿನಲ್ಲಿ ಪಳಗಿದ ನಿಮ್ಮ ಕಾಲಿಗೆ ಸಮ ರಸ್ತೆ ತೀರಾ ಸುಲಭ ಅನ್ನಿಸುತ್ತದೆ, ಜೊತೆಗೆ ಸಾವಿರಾರು ಜನ ಜೋರಾಗಿ ಹೊರಡುತ್ತಾರೆ. ಮೊದಲ ಮೂರು ಕಿಲೋಮೀಟರ್ ನಿಮ್ಮ ಸಾಮಾನಿನ ಪಟ್ಟಿ ಹೇಳಿಕೊಂಡೇ ಓಡಿ. ಮತ್ತೆ, ಅವತ್ತು ಹೊಸದೇನೂ ಬೇಡ. ಹೊಸ ಶೂ, ಹೊಸ ಬಟ್ಟೆ, ಸ್ಟಾಲ್‌ನಲ್ಲಿ ಕೊಟ್ಟ ಹೊಸ ಪಾನೀಯ ಯಾವುದೂ ಬೇಡ. ಮುಗಿದ ಮೇಲೆ ಹತ್ತು ನಿಮಿಷ ನಡೆದಾಡಿ, ಒದ್ದೆ ಬಟ್ಟೆ ಬದಲಿಸಿ, ಸರಿಯಾಗಿ ಊಟ ಮಾಡಿ. ಬಸ್ಸಿನಲ್ಲಿ ವಾಪಸ್ ಬರುವಾಗ ಗಂಟೆಗೊಮ್ಮೆ ಕಾಲು ಆಡಿಸಿ. ಮುಂದಿನ ವಾರ ಇಪ್ಪತ್ತು ನಿಮಿಷದ ಎರಡು ಮೆಲ್ಲನೆಯ ಓಟ ಸಾಕು, ಅದೂ ನೋವು ಪೂರ್ತಿ ಹೋದ ಮೇಲೆ.